ಸೈಲೆನ್ಸರ್ ಒಳಗಿನ ಪ್ರತಿಧ್ವನಿ

ಸೈಲೆನ್ಸರ್ ಒಳಗಿರುವುದನ್ನೆಲ್ಲ ಕಿತ್ತು ಖಾಲಿ ಮಾಡಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಜಾಸ್ತಿ ಓಡುತ್ತದೆ ಅಂತ ಟೂ-ಸ್ಟ್ರೋಕ್ (ಪಿಸ್ಟನ್ ಒಂದು ಸಲ ಮೇಲೆ-ಕೆಳಗೆ ಹೋಗುವಷ್ಟರಲ್ಲೇ ಒಂದು ಉರಿತ ಮುಗಿಸುವ ಎಂಜಿನ್) ಗಾಡಿ ಪ್ರಿಯರಲ್ಲಿ ಎಷ್ಟೋ ಜನ ನಂಬಿದ್ದಾರೆ. ಸದ್ದು ಜಾಸ್ತಿಯಾಗುವುದು ನಿಜ. ಶಕ್ತಿ ಮಾತ್ರ ಹೆಚ್ಚಿನ ಸಲ ಕಡಿಮೆಯಾಗುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಹೊಗೆ ಕೊಳವೆಯೂ ಎಂಜಿನ್ನಿನ ಒಂದು ಭಾಗವೇ.

ಈ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುವಾಗ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ. ಒಳಗೆ ಬಂದದ್ದರಲ್ಲಿ ಒಂದಿಷ್ಟು ಸುಮ್ನೆ ಹೊರಗೆ ಸೋರಿಹೋಗುತ್ತದೆ. ಅದನ್ನು ತಡೆಯುವುದು, ಹೊಗೆ ರಭಸದಿಂದ ಹೊರಬಿದ್ದಾಗ ಕೊಳವೆಯಲ್ಲಿ ಏಳುವ ಒತ್ತಡದ ಅಲೆ. ಬಾವಿಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುತ್ತದಲ್ವಾ, ಹಾಗೇ ಇದು. ಕೊಳವೆ ಅಗಲವಾಗುತ್ತಾ ಹೋಗುವ ಕಡೆಯಿಂದ ಹೀರುವ ಅಲೆ ವಾಪಸ್ ಬಂದು ಹಳೇ ಹೊಗೆಯನ್ನು ಎಳೆದು ಹಾಕುತ್ತದೆ. ಮುಂದೆ ಕಿರಿದಾಗುವ ಕಡೆಯಿಂದ ತಳ್ಳುವ ಅಲೆ ಬಂದು, ಬಾಗಿಲು ಮುಚ್ಚುವ ಮುಂಚೆ, ಸೋರಿದ್ದನ್ನು ಮತ್ತೆ ಸಿಲಿಂಡರಿಗೆ ನೂಕುತ್ತದೆ.

ಲೆಕ್ಕ ಹಾಕಿ ನೋಡಿ. 7500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತು) ಒಂದು ಸುತ್ತಿಗೆ 8 ಮಿಲಿಸೆಕೆಂಡ್. ಬಾಗಿಲು ಅರ್ಧ ಸುತ್ತು ತೆರೆದಿದೆ ಅಂದುಕೊಂಡರೆ 4 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಂದರೆ ಹೋಗಿ ಬರಲು ಸಿಗುವುದು 2 ಮೀಟರ್, ತಿರುಗಿ ಬರುವ ಜಾಗ ಹೆಚ್ಚುಕಡಿಮೆ 1 ಮೀಟರ್ ದೂರದಲ್ಲಿರಬೇಕು. ಆರ್‌ಪಿಎಂ ಬದಲಾದರೆ ಅಲೆ ಬೇಗ ಬರುತ್ತದೆ, ಇಲ್ಲಾ ತಡವಾಗಿ ಬರುತ್ತದೆ. ರೇಸ್ ಗಾಡಿ ಕಡಿಮೆ ಆರ್‌ಪಿಎಂನಲ್ಲಿ ಮಂಕಾಗಿದ್ದು, ಒಂದು ಹಂತ ದಾಟಿದ ಕೂಡಲೇ ನುಗ್ಗುವುದು ಇದರಿಂದಲೇ.

ಇದನ್ನು ಶಾಸ್ತ್ರವಾಗಿ ಪಳಗಿಸಿದ್ದು ಪೂರ್ವ ಜರ್ಮನಿಯ ಚೋಪಾವ್ ಊರಿನಲ್ಲಿ, ಎಂಝಡ್ ಮೋಟಾರ್‌ಸೈಕಲ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್. 1950ರ ದಶಕದಲ್ಲಿ ಅವರು ಆಸಿಲೋಸ್ಕೋಪ್ (ಏರಿಳಿತವನ್ನು ಪರದೆ ಮೇಲೆ ತೋರಿಸುವ ಯಂತ್ರ) ಇಟ್ಟು, ಕೊಳವೆಯೊಳಗಿನ ಅಲೆಗಳನ್ನು ಕಣ್ಣಿಗೆ ಕಾಣುವ ಗೆರೆಗಳಾಗಿ ಮಾಡಿಕೊಂಡು, ಅದರ ಪ್ರಕಾರ ಆಕಾರ ತಿದ್ದುತ್ತಾ ಹೋದರು. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 10,800 ಆರ್‌ಪಿಎಂನಲ್ಲಿ 25 ಅಶ್ವಶಕ್ತಿ ಕೊಡುತ್ತಿತ್ತು. ಅಂದರೆ ಎಂಜಿನ್ ಗಾತ್ರದ ಒಂದು ಲೀಟರಿಗೆ 200 ಅಶ್ವಶಕ್ತಿ! ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆ ಹೋದವನು ವಾಪಸ್ ಬರಲಿಲ್ಲ, ಸುಝುಕಿ ಸೇರಿದ. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದ. ಕಾಡೆನ್ ಅವರ ವರ್ಷಗಟ್ಟಲೆಯ ದುಡಿಮೆ ಹಾಗೆ ಅವನ ಜೊತೆ ಜಪಾನಿಗೆ ಹೋಯಿತು. ನನಗೆ ಇವತ್ತಿಗೂ ಅದು ಸಂಕಟದ ವಿಷಯವೇ.

ಇನ್ನು ಕೊಳವೆಯನ್ನು ಪರೀಕ್ಷೆ ಮಾಡುವ ಮಾತು. ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸುವುದು, ಕೊಳವೆಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ವೆಲ್ಡ್ ಮಾಡುವುದು, ಮತ್ತೆ ಓಡಿಸುವುದು. ಹೊಗೆ ಹೊರಬೀಳುವ ಕೊನೆಯ ಸಣ್ಣ ಕೊಳವೆ ಇನ್ನೂ ಕಿರಿದಾದರೆ ಬಿಸಿ ಏರಿ ಪಿಸ್ಟನ್ ಕರಗಿ ತೂತಾಗಬಹುದು. ಜಾಸ್ತಿ ಜನ ಎಡವುವುದು ಮಾತ್ರ ಬೇರೆ ಕಡೆ. ಹೊಗೆ 300 ಡಿಗ್ರಿ ಸೆಲ್ಸಿಯಸ್‌ನಿಂದ 500ಕ್ಕೆ ಏರಿದರೆ ಅಲೆಯ ವೇಗವೇ ಸುಮಾರು 15% ಹೆಚ್ಚಾಗುತ್ತದೆ, ಅದರ ಜೊತೆ ಶಕ್ತಿ ಸಿಗುವ ಆರ್‌ಪಿಎಂ ಕೂಡ ಮೇಲೆ ಸರಿಯುತ್ತದೆ. ತಣ್ಣಗಿರುವ ಪೈಪ್ ಒಂದನ್ನು, ಆಗಲೇ ಕಾದ ಇನ್ನೊಂದರ ಜೊತೆ ಹೋಲಿಸಿದರೆ ಗೆದ್ದದ್ದು ಪೈಪೋ ಬಿಸಿಯೋ ಗೊತ್ತೇ ಆಗುವುದಿಲ್ಲ. ಅದಕ್ಕೇ ಪೈಪಿಗೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಹಾಕಿ, ಪ್ರತಿ ಸಲವೂ ಒಂದೇ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಥ್ರಾಟಲ್ ತಿರುಗಿಸಬೇಕು.