ಲಾಗೌಟ್ ಫೈಲನ್ನು ನಂಬಿ ಕೂರಬೇಡಿ

ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ಪಾತ್ ಸೆಟ್ಟಿಂಗ್‌ಗಳೆಲ್ಲ (ಕಮಾಂಡುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವವು) ಮಾಯವಾಗಿವೆ ಎಂಬ ದೂರು ನಮ್ಮಂಥ ಸಿಸ್ಟಮ್ ಅಡ್ಮಿನ್‌ಗಳಿಗೆ ಮತ್ತೆ ಮತ್ತೆ ಬರುತ್ತದೆ. ನಿಜಕ್ಕೂ ಮಾಯವಾಗಿರುವುದು ಏನೂ ಇಲ್ಲ. ಬ್ಯಾಶ್ ಎಂಬುದು ಒಂದು ಶೆಲ್, ಅಂದರೆ ನಾವು ಟೈಪಿಸಿದ ಕಮಾಂಡುಗಳನ್ನು ಓಡಿಸುವ ಪ್ರೋಗ್ರಾಮ್. ಅದು ಲಾಗಿನ್ ಶೆಲ್ ಆಗಿ, ಅಂದರೆ ನೀವು ಲಾಗಿನ್ ಆದೊಡನೆ ಸಿಗುವ ಶೆಲ್ ಆಗಿ ಶುರುವಾದಾಗ ಮೊದಲು ಇಡೀ ಸಿಸ್ಟಮ್‌ಗೆ ಅನ್ವಯಿಸುವ ಪ್ರೊಫೈಲ್ ಓದುತ್ತದೆ. ಆಮೇಲೆ ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ, ಹೆಸರು ಚುಕ್ಕಿಯಿಂದ ಶುರುವಾಗುವ ಮೂರು ಫೈಲುಗಳನ್ನು ಹುಡುಕುತ್ತದೆ: ಡಾಟ್ ಬ್ಯಾಶ್ ಪ್ರೊಫೈಲ್, ಅದಿಲ್ಲದಿದ್ದರೆ ಡಾಟ್ ಬ್ಯಾಶ್ ಲಾಗಿನ್, ಅದೂ ಇಲ್ಲದಿದ್ದರೆ ಡಾಟ್ ಪ್ರೊಫೈಲ್. ಮೂರರಲ್ಲಿ ಮೊದಲು ಸಿಕ್ಕಿದ್ದನ್ನು ಓದಿ, ಉಳಿದವನ್ನು ಮುಟ್ಟುವುದೇ ಇಲ್ಲ. ಉಬುಂಟು ಕೊಡುವುದು ಕೊನೆಯದನ್ನು. ಯಾವುದೋ ಇನ್‌ಸ್ಟಾಲರ್ ಮೊದಲನೆಯದನ್ನು ಸೃಷ್ಟಿಸಿದರೆ ಮುಗಿಯಿತು, ನಿಮ್ಮ ಡಾಟ್ ಪ್ರೊಫೈಲ್ ಇದ್ದೂ ಇಲ್ಲದಂತೆ. ಹೊಸ ಫೈಲಿನ ಮೊದಲ ಸಾಲಿನಲ್ಲೇ ಹಳೆಯದನ್ನು ಸೋರ್ಸ್ ಮಾಡಿದರೆ, ಅಂದರೆ ಅದನ್ನೂ ಓದು ಎಂದು ಹೇಳಿದರೆ, ಸರಿಹೋಗುತ್ತದೆ.

ಲಾಗಿನ್ ಕಡೆಯದು ಇಷ್ಟೇ ತೊಡಕು. ನನಗೆ ನಿಜವಾದ ಆತಂಕ ಇರುವುದು ಲಾಗೌಟ್ ಬಗ್ಗೆ.

ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್‌ನಲ್ಲಿ ಲಾಗಿನ್, ಲಾಗೌಟ್ ಎರಡಕ್ಕೂ ಫೈಲುಗಳಿದ್ದವು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಬಂದ ಬೋರ್ನ್ ಶೆಲ್‌ನಲ್ಲಿ ಲಾಗೌಟ್ ಫೈಲ್ ಇರಲಿಲ್ಲ. ಇಂಥ ಘಟನೆ ಆದಾಗ ಇದನ್ನು ಓಡಿಸು ಎಂದು ಶೆಲ್‌ಗೆ ಹೇಳಿಡುವ ಟ್ರ್ಯಾಪ್ ಕಮಾಂಡಿಗೆ ಸೊನ್ನೆ ಕೊಟ್ಟು, ಶೆಲ್ ಮುಗಿಯುವಾಗ ಏನಾಗಬೇಕೆಂದು ಹೇಳಿಡಬೇಕಿತ್ತು. ಇವತ್ತಿಗೂ ನಾನು ಈ ಟ್ರ್ಯಾಪನ್ನೇ ಮೆಚ್ಚುತ್ತೇನೆ. ಬ್ಯಾಶ್‌ನ ಲಾಗೌಟ್ ಫೈಲಾದ ಡಾಟ್ ಬ್ಯಾಶ್ ಲಾಗೌಟ್ ಓಡುವುದು ನೀವು ಲಾಗಿನ್ ಶೆಲ್‌ನಿಂದ ಕ್ರಮವಾಗಿ ಹೊರಬಂದಾಗ ಮಾತ್ರ. ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸಂಪರ್ಕ ಕಡಿದು, ಅದನ್ನು ತಿಳಿಸುವ ಹ್ಯಾಂಗಪ್ ಸಿಗ್ನಲ್ ಬಂದರೆ ಬ್ಯಾಶ್ ಟ್ರ್ಯಾಪನ್ನು ಓಡಿಸುತ್ತದೆ, ಲಾಗೌಟ್ ಫೈಲನ್ನು ಓದುವುದಿಲ್ಲ. ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ ಒಂಬತ್ತು ಬಂದರಂತೂ ಎರಡೂ ಇಲ್ಲ.

ಇದರ ಪರಿಣಾಮ, ಖಾಸಗಿ ಕೀಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಎಸ್‌ಎಸ್‌ಎಚ್ ಏಜೆಂಟ್‌ ಎಂಬ ಪ್ರೋಗ್ರಾಮಿನಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಲಾಗಿನ್‌ನಲ್ಲಿ ಏಜೆಂಟ್ ಶುರು, ಲಾಗೌಟ್‌ನಲ್ಲಿ ಬಂದ್ ಎಂದು ಬರೆದವರ ಸರ್ವರ್‌ನಲ್ಲಿ, ಓಡುತ್ತಿರುವ ಪ್ರೋಗ್ರಾಮುಗಳನ್ನು ಪಟ್ಟಿಮಾಡುವ ಪಿಎಸ್ ಕಮಾಂಡ್ ಕೊಟ್ಟು ನೋಡಿ. ಸಂಪರ್ಕ ಕಡಿದಾಗಲೆಲ್ಲ ಉಳಿದುಹೋದ ಏಜೆಂಟ್‌ಗಳು ಸಾಲುಗಟ್ಟಿ ನಿಂತಿರುತ್ತವೆ, ಪ್ರತಿಯೊಂದರ ಮೆಮೊರಿಯಲ್ಲೂ ಬಿಚ್ಚಿಟ್ಟ ಖಾಸಗಿ ಕೀ. ಅದು ಪ್ರೊಡಕ್ಷನ್ ಸರ್ವರ್‌ನ ಕೀ ಆಗಿದ್ದರೆ ಸುಮ್ಮನೆ ಬಿಡುವ ಮಾತಲ್ಲ.

ಹಾಗಾಗಿ ಗುಡಿಸುವ ಕೆಲಸವನ್ನೂ ಲಾಗಿನ್‌ಗೇ ಒಪ್ಪಿಸಿ. ಏಜೆಂಟ್‌ಗೆ ಮೈನಸ್ ಎ ಆಯ್ಕೆಯಿಂದ ಒಂದೇ ಸಾಕೆಟ್ ವಿಳಾಸ (ಬೇರೆ ಪ್ರೋಗ್ರಾಮುಗಳು ಅದನ್ನು ಸಂಪರ್ಕಿಸುವ ಫೈಲು) ಗೊತ್ತುಮಾಡಿ. ಲಾಗಿನ್ ಆದಾಗ ಎಸ್‌ಎಸ್‌ಎಚ್ ಆ್ಯಡ್ ಮೈನಸ್ ಎಲ್ ಕೊಟ್ಟು ಅದರ ಎಕ್ಸಿಟ್ ಸ್ಟೇಟಸ್, ಅಂದರೆ ಕಮಾಂಡ್ ಮುಗಿದಾಗ ಹಿಂತಿರುಗಿಸುವ ಸಂಖ್ಯೆ ನೋಡಿ: 0 ಬಂದರೆ ಕೀ ಇದೆ, 1 ಬಂದರೆ ಏಜೆಂಟ್ ಇದೆ ಆದರೆ ಕೀ ಇಲ್ಲ, 2 ಬಂದರೆ ಏಜೆಂಟ್ ಸಿಗುತ್ತಿಲ್ಲ. 2 ಬಂದಾಗ ಮಾತ್ರ ಹಳೆಯ ಸಾಕೆಟ್ ಫೈಲ್ ಅಳಿಸಿ ಹೊಸ ಏಜೆಂಟ್ ಶುರುಮಾಡಿ. ಅಳಿಸದಿದ್ದರೆ ಅದೇ ವಿಳಾಸದಲ್ಲಿ ಹೊಸದು ಏಳುವುದಿಲ್ಲ. ಕೀ ಸೇರಿಸುವಾಗ ಮೈನಸ್ ಟಿ ಜೊತೆ 3600 ಕೊಡಿ. ನೀವು ಲಾಗೌಟ್ ಮಾಡಿದರೂ, ನೆಟ್‌ವರ್ಕ್ ನಡುವೆಯೇ ಕೈಕೊಟ್ಟರೂ, ಒಂದು ಗಂಟೆಗೆ ಏಜೆಂಟ್ ತಾನಾಗಿಯೇ ಆ ಕೀಯನ್ನು ಅಳಿಸಿಹಾಕುತ್ತದೆ.