ಹೂವಿದ್ದರೂ ಚಿಟ್ಟೆ ಯಾಕೆ ಉಳಿಯುತ್ತಿಲ್ಲ?

ಪ್ರಶ್ನೆ: ಮನೆಯ ಕೈತೋಟದಲ್ಲಿ ಬಣ್ಣಬಣ್ಣದ ಹೂಗಿಡಗಳನ್ನು ಹಾಕಿದ್ದೇವೆ. ಚಿಟ್ಟೆಗಳು ಬರುತ್ತವೆ, ಒಂದು ಸುತ್ತು ಹಾಕಿ ಹೊರಟುಬಿಡುತ್ತವೆ. ನಮ್ಮ ನೆಲದ ಚಿಟ್ಟೆಗಳು ಇಲ್ಲೇ ಉಳಿಯಬೇಕಾದರೆ ಏನು ಮಾಡಬೇಕು? ಬಂದದ್ದು ಯಾವ ಚಿಟ್ಟೆ ಎಂದು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ತೋಟದಲ್ಲಿ ಹೂವಿಗೆ ಬರವಿಲ್ಲ. ಬರವಿರುವುದು ಎಲೆಗೆ, ಅದೂ ಹುಳು ಕಡಿದು ತೂತು ಮಾಡಿದ ಎಲೆಗೆ.

ರೆಕ್ಕೆ ಬಂದ ಚಿಟ್ಟೆಗೆ ಮಕರಂದ ಬೇಕು ನಿಜ. ಆದರೆ ಅದರಲ್ಲಿ ಅವಕ್ಕೆ ಹೆಚ್ಚು ಹಟವಿಲ್ಲ; ಎಲ್ಲಿ ಸಿಕ್ಕರೂ ಕುಡಿದು ಮುಂದೆ ಹೋಗುತ್ತವೆ. ಮೊಟ್ಟೆಯ ವಿಷಯಕ್ಕೆ ಬಂದರೆ ಹೆಣ್ಣು ಚಿಟ್ಟೆಯಷ್ಟು ಹಟಮಾರಿ ಇನ್ನೊಂದಿಲ್ಲ. ಎಲೆಯ ಮೇಲೆ ಕೂತು ಮುಂಗಾಲುಗಳಿಂದ ಬಡಿದು ರುಚಿ ನೋಡುತ್ತದೆ. ಅದರ ಕಾಲಿನಲ್ಲೇ ರುಚಿ ಅರಿಯುವ ಇಂದ್ರಿಯವಿದೆ. ತನ್ನ ಮರಿ ತಿಂದು ಬದುಕಬಲ್ಲ ಗಿಡವೆಂದು ಖಾತ್ರಿಯಾದರೆ ಮಾತ್ರ ಮೊಟ್ಟೆ. ಗಿಡಗಳು ತಮ್ಮ ರಕ್ಷಣೆಗೆ ಎಲೆಯಲ್ಲಿ ನಾನಾ ಬಗೆಯ ರಾಸಾಯನಿಕಗಳನ್ನು ತುಂಬಿಕೊಂಡಿರುತ್ತವೆ. ಒಂದೊಂದು ಚಿಟ್ಟೆ ಜಾತಿಯೂ ಯಾವುದೋ ಕೆಲವು ಗಿಡಗಳ ರಾಸಾಯನಿಕವನ್ನು ಮಾತ್ರ ಅರಗಿಸಿಕೊಳ್ಳಲು ಕಲಿತಿದೆ. ಹಾಗಾಗಿ ನಿಂಬೆಯ ಹುಳು ಎಕ್ಕದ ಮೇಲೆ ಬದುಕದು, ಎಕ್ಕದ ಹುಳು ನಿಂಬೆಯ ಮೇಲೆ ಬದುಕದು. ಇದರಿಂದ ನಿಮಗೊಂದು ಅನುಕೂಲವೂ ಇದೆ. ಯಾವ ಗಿಡ ನೆಟ್ಟರೆ ಯಾವ ಚಿಟ್ಟೆ ಬಂದೀತು ಎಂದು ಮೊದಲೇ ಹೇಳಬಹುದು, ಗಿಡ ನೋಡಿಯೇ ಅರ್ಧ ಗುರುತು ಹಿಡಿಯಲೂಬಹುದು.

ಈಗಾಗಲೇ ಇರುವ ಗಿಡದಿಂದಲೇ ಶುರುಮಾಡಿ. ಕರಿಬೇವು ಅಥವಾ ನಿಂಬೆ ಇದೆಯೇ? ಚಿಗುರೆಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತೆ ಕಂದು ಬಿಳಿ ಬಣ್ಣದ್ದೇನೋ ಅಂಟಿಕೊಂಡಿದ್ದರೆ ಒರೆಸಿ ತೆಗೆಯಬೇಡಿ. ಅದು ಕಾಮನ್ ಮಾರ್ಮನ್ ಅಥವಾ ಲೈಮ್ ಬಟರ್‌ಫ್ಲೈನ ಎಳೆಯ ಹುಳು. ಶತ್ರುವಿನ ಕಣ್ಣು ತಪ್ಪಿಸಲು ಹಾಕಿದ ವೇಷ. ಬೆಳೆದ ಮೇಲೆ ಅದೇ ಹುಳು ಎಲೆಹಸಿರಾಗುತ್ತದೆ. ಆಗ ಮೆಲ್ಲಗೆ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಹೊರಚಾಚಿ ಗಾಟು ವಾಸನೆ ಬೀರುತ್ತದೆ. ಇರುವೆ, ಕಣಜಗಳನ್ನು ಹೆದರಿಸುವ ಉಪಾಯ ಅದು, ನಿಮಗೇನೂ ಆಗುವುದಿಲ್ಲ. ಮುಟ್ಟಿದರೆ ತುರಿಸುವ ರೋಮದ ಕಂಬಳಿಹುಳುಗಳು ಬಹುಮಟ್ಟಿಗೆ ಪತಂಗದ ಮರಿಗಳು. ಆ ಭಯದಿಂದ ಚಿಟ್ಟೆಯ ಹುಳುಗಳನ್ನೂ ಹೊಸಕಿ ಹಾಕುವವರೇ ಹೆಚ್ಚು. ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಸುಮಾರು ಒಂದು ತಿಂಗಳು. ಅಷ್ಟು ಕಾಲ ಗಿಡ ಸ್ವಲ್ಪ ಬೋಳಾಗುತ್ತದೆ, ಆಮೇಲೆ ಮತ್ತೆ ಚಿಗುರುತ್ತದೆ. ಕುಂಡದ ಸಣ್ಣ ಕರಿಬೇವಿಗೆ ಐದಾರು ಹುಳು ಹತ್ತಿದರೆ ಎಲೆ ಸಾಲದೆ ಹೋಗಬಹುದು, ಆದ್ದರಿಂದ ಒಂದರ ಬದಲು ಎರಡು ಗಿಡ ಇಟ್ಟುಕೊಳ್ಳಿ.

ಇನ್ನು ಹೊಸದಾಗಿ ನೆಡುವುದಾದರೆ ನನ್ನ ಮೊದಲ ಆಯ್ಕೆ ಎಕ್ಕ. ಅಂದದ ಗಿಡವಲ್ಲ ಎನ್ನುವವರಿದ್ದಾರೆ, ಇರಲಿ. ಕೇಸರಿ ಮೈಗೆ ಕಪ್ಪು ಬಿಳಿ ಅಂಚಿನ ಪ್ಲೇನ್ ಟೈಗರ್ ಹುಡುಕಿಕೊಂಡು ಬರುವುದು ಎಕ್ಕವನ್ನೇ. ಅದರ ಹುಳುವಿನ ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆಗಳು, ಮೂರು ಜೊತೆ ಕಪ್ಪು ಮೀಸೆಗಳು. ಬಚ್ಚಿಟ್ಟುಕೊಳ್ಳುವ ಪ್ರಯತ್ನವನ್ನೇ ಅದು ಮಾಡುವುದಿಲ್ಲ. ಎಕ್ಕದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿರುವುದರಿಂದ ಒಮ್ಮೆ ತಿಂದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ಒಂದು ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಕಣಗಿಲೆಯೂ ವಿಷದ ಗಿಡವೇ, ಅದರ ಎಲೆ ತಿಂದು ಬೆಳೆಯುವುದು ಕಾಮನ್ ಕ್ರೋ ಎಂಬ ಚಿಟ್ಟೆ. ಕಣಗಿಲೆಯ ಎಲೆಯಡಿ ಬೆಳ್ಳಿಯ ಹೊಳಪಿನ ಕೋಶ ನೇತಾಡುತ್ತಿದ್ದರೆ ಅದು ಇದರದ್ದೇ. ಪುಟ್ಟ ಮಕ್ಕಳಿರುವ ಮನೆಯಾದರೆ ಎರಡನ್ನೂ ಕೈಗೆಟುಕದ ಮೂಲೆಯಲ್ಲಿ ಹಾಕಿ.

ಜಾಗವಿದ್ದವರು ಕಕ್ಕೆ ಮರ ಬೆಳೆಸಿದರೆ ಹಳದಿ ಬಿಳಿಯ ಎಮಿಗ್ರೆಂಟ್‌ಗಳು, ಸೀತಾಫಲ, ಸಂಪಿಗೆ ಅಥವಾ ಕಂಬದ ಅಶೋಕಕ್ಕೆ ಹಸಿರು ಚುಕ್ಕಿಯ ಟೇಲ್ಡ್ ಜೇ, ಮಾವಿಗೆ ಕಾಮನ್ ಬ್ಯಾರನ್, ಹರಳಿಗೆ ಕಾಮನ್ ಕ್ಯಾಸ್ಟರ್. ಜಾಗವಿಲ್ಲದವರು ಕುಂಡದಲ್ಲಿ ತಾನಾಗಿ ಹುಟ್ಟುವ, ಹಳದಿ ಹೂ ಬಿಡುವ ಮೂರೆಲೆಯ ಹುಳಿಸೊಪ್ಪನ್ನು ಕಳೆಯೆಂದು ಕೀಳದಿದ್ದರೆ ಸಾಕು. ಉಗುರಿನಷ್ಟು ಅಗಲದ ಪೇಲ್ ಗ್ರಾಸ್ ಬ್ಲೂ ಅಲ್ಲೇ ಸಂಸಾರ ಹೂಡುತ್ತದೆ.

ಈಶ್ವರಿ ಬಳ್ಳಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಮತ್ತು ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಈ ಬಳ್ಳಿಯ ಕುಟುಂಬವನ್ನೇ ನಂಬಿಕೊಂಡಿವೆ. ಬರ್ಡ್‌ವಿಂಗ್ ಪಶ್ಚಿಮ ಘಟ್ಟದ ಆಸುಪಾಸಿನ ತೋಟಗಳಿಗೆ ಬಂದೀತು. ರೋಸ್‌ಗಳು ಬಯಲುಸೀಮೆಗೂ ಬರುತ್ತವೆ. ಬಳ್ಳಿ ತರುವಾಗ ಮಾತ್ರ ಜೋಪಾನ. ಅಲಂಕಾರಕ್ಕೆಂದು ಮಾರುವ ದೊಡ್ಡ ಹೂವಿನ ಬಳ್ಳಿಗಳು ಇದೇ ಕುಲದ ಪರದೇಶದ ಜಾತಿಗಳು. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆ ಅಂಥದ್ದೊಂದು ಪರದೇಶಿ ಬಳ್ಳಿಗೆ ಮೋಸಹೋಗಿ ಮೊಟ್ಟೆಯಿಡುತ್ತದೆ, ಹುಟ್ಟಿದ ಮರಿಗಳು ಆ ಎಲೆ ತಿಂದು ಸಾಯುತ್ತವೆ. ನಮ್ಮ ನೆಲದ ಗಿಡವನ್ನೇ ಹುಡುಕಿ ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಹೂವು ಬೇಡವೆಂದಲ್ಲ. ಉದ್ದ ಹೀರುಗೊಳವೆಯ ದೊಡ್ಡ ಚಿಟ್ಟೆಗಳಿಗೆ ಕೇಪಳ, ಸಣ್ಣವಕ್ಕೆ ತುಂಬೆಯಂಥ ಪುಟ್ಟ ಹೂಗಳು ಚೆನ್ನ. ಎಸಳು ತುಂಬಿ ತುಳುಕುವ ಅಲಂಕಾರದ ತಳಿಗಳಲ್ಲಿ ಮಕರಂದ ಕಡಿಮೆ, ಇದ್ದರೂ ಹೀರುಗೊಳವೆ ತಲುಪುವುದು ಕಷ್ಟ. ಲಂಟಾನಕ್ಕೆ ಚಿಟ್ಟೆ ಮುತ್ತುವುದು ನಿಜವಾದರೂ ಕಾಡುಗಳನ್ನು ನುಂಗುತ್ತಿರುವ ಗಿಡವನ್ನು ಕೈಯಾರೆ ನೆಡುವುದನ್ನು ನಾನಂತೂ ಒಪ್ಪುವುದಿಲ್ಲ. ಬ್ಯಾರನ್, ಈವ್ನಿಂಗ್ ಬ್ರೌನ್‌ಗಳಿಗೆ ಹೂವಿನ ಗೊಡವೆಯೇ ಬೇಡ, ಕೊಳೆತ ಹಣ್ಣಿನ ರಸವೇ ಅವಕ್ಕೆ ಇಷ್ಟ. ಗಂಡು ಚಿಟ್ಟೆಗಳು ಲವಣ ಹುಡುಕಿಕೊಂಡು ಒದ್ದೆ ಮಣ್ಣಿಗೆ ಬರುತ್ತವೆ. ಅಗಲ ತಟ್ಟೆಯಲ್ಲಿ ಮರಳು ಮಣ್ಣು ಹಾಕಿ ತೇವವಿಟ್ಟರೆ ಆಯಿತು. ಬೆಳಗಿನ ಬಿಸಿಲು ಬೀಳುವ ಜಾಗವನ್ನೇ ಆರಿಸಿಕೊಳ್ಳಿ, ಮೈ ಕಾಯದೆ ಚಿಟ್ಟೆ ಹಾರಲಾರದು.

ಔಷಧಿ ಸಿಂಪಡಣೆ ಪೂರ್ತಿ ನಿಲ್ಲಬೇಕು. ಬೇವಿನೆಣ್ಣೆ ಸಾವಯವವಲ್ಲವೇ ಎಂದು ಕೇಳುತ್ತಾರೆ. ಸಾವಯವವೇ, ಆದರೆ ಹುಳು ಪೊರೆ ಕಳಚಿ ಬೆಳೆಯುವುದನ್ನೇ ಅದು ಕೆಡಿಸುತ್ತದೆ. ಬಿಟಿ ಎಂಬ ಜೈವಿಕ ಕೀಟನಾಶಕವಂತೂ ಚಿಟ್ಟೆ ಪತಂಗಗಳ ಹುಳುಗಳನ್ನು ಕೊಲ್ಲಲೆಂದೇ ಇರುವುದು. ನರ್ಸರಿಯಿಂದ ತಂದ ಗಿಡದೊಳಗೂ ಕೀಟನಾಶಕ ಉಳಿದಿರಬಹುದು, ಹಾಗಾಗಿ ಬೀಜದಿಂದ ಬೆಳೆಸಿದರೆ ನಿಶ್ಚಿಂತೆ. ಎಷ್ಟು ಜೋಪಾನ ಮಾಡಿದರೂ ಹಲವು ಹುಳುಗಳು ಪರಾವಲಂಬಿ ಕಣಜ, ಹಕ್ಕಿ, ಜೇಡಗಳ ಪಾಲಾಗುತ್ತವೆ. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ.

ಈಗ ಗುರುತಿಸುವ ಮಾತು. ಹೂವಿನ ಮೇಲೆ ಕೂತ ಚಿಟ್ಟೆಗಿಂತ ಎಲೆಯಿಂದೆಲೆಗೆ ತಡವರಿಸುತ್ತಾ ಹೊಟ್ಟೆಯ ತುದಿ ಬಾಗಿಸುವ ಚಿಟ್ಟೆಯನ್ನು ಗಮನಿಸಿ. ಅದು ಮೊಟ್ಟೆಯಿಡುತ್ತಿರುವ ಹೆಣ್ಣು. ಆ ಗಿಡ ಯಾವುದೆಂದು ಗೊತ್ತಾದರೆ ಹುಡುಕಬೇಕಾದ ಹೆಸರುಗಳು ನಾಲ್ಕೈದಕ್ಕೆ ಇಳಿಯುತ್ತವೆ. ಆಮೇಲೆ ಕಾಲು ಎಣಿಸಿ. ನಾಲ್ಕೇ ಕಾಲಿನ ಮೇಲೆ ನಿಂತಂತೆ ಕಂಡರೆ ಟೈಗರ್, ಕ್ರೋ, ಪ್ಯಾನ್ಸಿ, ಬ್ಯಾರನ್‌ಗಳಿರುವ ದೊಡ್ಡ ಕುಟುಂಬದ್ದು. ಇವುಗಳ ಮುಂಗಾಲು ಮೋಟಾಗಿ ಎದೆಗೆ ಅಂಟಿಕೊಂಡಿರುತ್ತದೆ. ಕುಡಿಮೀಸೆಯ ತುದಿ ಕೊಕ್ಕೆಯಾಗಿದ್ದು ಮೈ ದಪ್ಪಗಿದ್ದರೆ ಸ್ಕಿಪ್ಪರ್. ಫೋಟೊ ತೆಗೆಯುವಾಗ ರೆಕ್ಕೆಯ ಮೇಲ್ಭಾಗವಷ್ಟೇ ಸಾಲದು. ಅದರಲ್ಲೂ ಸಣ್ಣ ನೀಲಿ ಚಿಟ್ಟೆಗಳ ಗುರುತೆಲ್ಲ ಕೆಳಭಾಗದ ಚುಕ್ಕಿ ಗೆರೆಗಳಲ್ಲೇ ಇರುವುದು.

ಇಷ್ಟಾದ ಮೇಲೂ ವೇಷಧಾರಿಗಳು ಏಮಾರಿಸುತ್ತವೆ. ಕಾಮನ್ ಮಾರ್ಮನ್ ಹೆಣ್ಣಿಗೆ ಮೂರು ರೂಪ: ಒಂದು ಗಂಡಿನಂತೆಯೇ, ಇನ್ನೊಂದು ಕಾಮನ್ ರೋಸ್‌ನಂತೆ, ಮತ್ತೊಂದು ಕ್ರಿಮ್ಸನ್ ರೋಸ್‌ನಂತೆ. ರೋಸ್‌ಗಳು ಈಶ್ವರಿ ಬಳ್ಳಿಯಿಂದ ವಿಷ ಪಡೆದವು, ಹಕ್ಕಿಗಳು ಮುಟ್ಟುವುದಿಲ್ಲ. ಆ ಭಯದ ಲಾಭ ಮಾರ್ಮನ್‌ಗೆ. ರೆಕ್ಕೆ ಬಿಟ್ಟು ಮೈ ನೋಡಿ. ಕೆಂಪು ಮೈಯಿದ್ದರೆ ರೋಸ್, ಕಪ್ಪಾದರೆ ಮಾರ್ಮನ್. ನಿಂಬೆ ಅಥವಾ ಕರಿಬೇವಿಗೆ ಮೊಟ್ಟೆಯಿಡುತ್ತಿದ್ದರಂತೂ ಅನುಮಾನವೇ ಬೇಡ. ಹಾಗೆಯೇ ಪ್ಲೇನ್ ಟೈಗರ್ ಎಂದುಕೊಂಡದ್ದು ಗೋಣಿ ಸೊಪ್ಪಿನ ಸುತ್ತ ತಿರುಗುತ್ತಿದ್ದರೆ ಡ್ಯಾನೈಡ್ ಎಗ್‌ಫ್ಲೈ ಹೆಣ್ಣಿರಬಹುದು. ಅಸಲಿ ಟೈಗರ್‌ನ ಹಿಂರೆಕ್ಕೆಯ ನಡುವೆ ಮೂರೋ ನಾಲ್ಕೋ ಕಪ್ಪು ಚುಕ್ಕಿಗಳಿರುತ್ತವೆ, ನಕಲಿಗೆ ಅವಿಲ್ಲ.

ಋತುವನ್ನೂ ಬರೆದಿಡಿ. ಪೀಕಾಕ್ ಪ್ಯಾನ್ಸಿ, ಈವ್ನಿಂಗ್ ಬ್ರೌನ್‌ಗಳ ರೆಕ್ಕೆಯ ಕೆಳಭಾಗದಲ್ಲಿ ಮಳೆಗಾಲದಲ್ಲಿ ಕಣ್ಣಿನ ಗುರುತುಗಳಿದ್ದರೆ ಬೇಸಿಗೆಯಲ್ಲಿ ಒಣಗಿದ ಎಲೆಯ ಬಣ್ಣ. ಎರಡು ಜಾತಿಯೆಂದು ಬರೆದುಕೊಳ್ಳಬೇಡಿ. ಗೊತ್ತಾಗದಿದ್ದರೆ ಚಿಟ್ಟೆಯ ಜೊತೆ ಗಿಡದ ಫೋಟೊವನ್ನೂ ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ಹಾಕಿ, ಬಲ್ಲವರು ಹೇಳುತ್ತಾರೆ. ಹಿಡಿದು ಡಬ್ಬಿಗೆ ಹಾಕುವುದು ಬೇಡ. ಇನ್ನು, ಮುಂಗಾರಿನ ಮೊದಲು ಅಥವಾ ಮುಗಿದ ಮೇಲೆ ಕಡು ಕಂದಿನ ಕ್ರೋ, ನೀಲಿ ಪಟ್ಟೆಯ ಟೈಗರ್‌ಗಳು ಹಿಂಡುಹಿಂಡಾಗಿ ಒಂದೇ ದಿಕ್ಕಿಗೆ ಹಾದುಹೋದರೆ ಅವು ಘಟ್ಟಕ್ಕೂ ಬಯಲಿಗೂ ವಲಸೆ ಹೋಗಿಬರುವ ಪಯಣಿಗರು. ನೀವು ಏನು ನೆಟ್ಟರೂ ಆ ಹಿಂಡುಗಳು ಇಲ್ಲೇ ಉಳಿಯುವುದಿಲ್ಲ.