ಒಂದು ಚೀಲ ಕಡಿಮೆ ಬಿದ್ದರೆ

ಕಳೆದ ವಾರ ಸಕಲೇಶಪುರ ಕಡೆಯ ಯುವ ಬೆಳೆಗಾರರೊಬ್ಬರು ಹಾಸನದ ನಮ್ಮ ಆಫೀಸಿಗೆ ಬಂದಿದ್ದರು. ಮೊಬೈಲಿನಲ್ಲಿ ಕೈರೋದ ವ್ಯಾಪಾರಿಯೊಬ್ಬನ ಮೆಸೇಜು: ಒಂದು ಕಂಟೇನರ್ ರೋಬಸ್ಟಾ ಕಾಫಿ ಬೇಕಂತೆ, ರೇಟೂ ಇಲ್ಲಿಗಿಂತ ಚೆನ್ನಾಗಿದೆ. "ಸಾರ್, ಆಸಾಮೀನ ನಂಬಬಹುದಾ?" ಅಂದರು. ಮೊದಲ ಸಲ ರಫ್ತಿಗೆ ಇಳಿಯುವವರೆಲ್ಲ ಕೇಳುವುದು ಇದನ್ನೇ. ನಾನು ಕೇಳುವುದು ಬೇರೆ. ಆಸಾಮಿ ಒಳ್ಳೆಯವನೇ ಇರಬಹುದು, ಅವನ ಬ್ಯಾಂಕಿನಲ್ಲಿ ಡಾಲರ್ ಇದೆಯಾ?

ಈಜಿಪ್ಟಿನವರು ಕಾಫಿ ಕುಡಿಯುತ್ತಾರೆ, ಬೆಳೆಯುವುದಿಲ್ಲ. ನುಣ್ಣಗೆ ಬೀಸಿದ ಪುಡಿಯನ್ನು ಗಸಿ ಸಮೇತ ಕುದಿಸಿ ಸಣ್ಣ ಕಪ್ಪಿಗೆ ಬಗ್ಗಿಸುವ ಜನ ಅವರು, ಗಿರಾಕಿಗೆ ಬರವಿಲ್ಲ. ಬರ ಇದ್ದದ್ದು ಡಾಲರಿಗೆ. 2022ರ ಆರಂಭದಲ್ಲಿ ಡಾಲರಿಗೆ 16ರ ಆಸುಪಾಸಿನಲ್ಲಿದ್ದ ಅಲ್ಲಿನ ಪೌಂಡ್, 2024ರ ಮಾರ್ಚ್‌ನಲ್ಲಿ 50ರ ಹತ್ತಿರ ಹೋಯಿತು. 2022ರ ಮಾರ್ಚ್‌ನಿಂದ ಆ ವರ್ಷದ ಕೊನೆಯವರೆಗೆ ಅಲ್ಲಿನ ಕೇಂದ್ರ ಬ್ಯಾಂಕು ಹೆಚ್ಚಿನ ಆಮದಿಗೆಲ್ಲ ಎಲ್‌ಸಿ ಕಡ್ಡಾಯ ಮಾಡಿತ್ತು. ಎಲ್‌ಸಿ ಅಂದರೆ, ಕಾಗದಪತ್ರ ಸರಿಯಿದ್ದರೆ ದುಡ್ಡು ನಾನು ಕೊಡುತ್ತೇನೆಂದು ಖರೀದಿದಾರನ ಬ್ಯಾಂಕು ಬರೆದುಕೊಡುವ ಪತ್ರ. ಎಲ್‌ಸಿ ತೆರೆಯಲು ಡಾಲರ್ ಬೇಕು, ಅದೇ ಇಲ್ಲ. ಬಂದರುಗಳಲ್ಲಿ ಸರಕು ರಾಶಿ ಬಿತ್ತು. ಅಂಥ ಹೊತ್ತಿನಲ್ಲಿ ಹತ್ತು ವರ್ಷದ ಗೆಳೆಯನೂ ದುಡ್ಡು ಕಳಿಸಲಾರ.

ಆದ್ದರಿಂದ ಇಂಥ ದೇಶಕ್ಕೆ ಹೋಗುವಾಗ ಒಂದೋ ಮುಂಗಡ, ಇಲ್ಲವೇ ಕನ್ಫರ್ಮ್ ಆದ ಎಲ್‌ಸಿ. ಕನ್ಫರ್ಮ್ ಅಂದರೆ, ಅಲ್ಲಿನ ಬ್ಯಾಂಕು ಕೈಯೆತ್ತಿದರೂ ನಾನು ಕೊಡುತ್ತೇನೆಂದು ಮತ್ತೊಂದು ಗಟ್ಟಿ ಬ್ಯಾಂಕು ಮಾತು ಕೊಡುವುದು. ಅದಕ್ಕೆ ಕಮಿಷನ್ ಹೋಗುತ್ತದೆ, ಹೋಗಲಿ. ಖರೀದಿದಾರ ದುಡ್ಡು ಕೊಡದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆಯನ್ನೂ ಮಾಡಿಸಿ. ಐಇಸಿ ಎಂಬ ಆಮದು-ರಫ್ತು ಕೋಡ್ ನಂಬರ್, ಕಾಫಿ ಬೋರ್ಡಿನ ರಫ್ತುದಾರ ನೋಂದಣಿ ಇವೆಲ್ಲ ಓಡಾಡಿದರೆ ಆಗುವ ಕೆಲಸ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್‌ಸಿ ಕೈಗೆ ಬಂದಮೇಲೆ ಗೆದ್ದೆವೆಂದು ಮಲಗುವುದು ಮಾತ್ರ ಬೇಡ. ಕೆಲವು ವರ್ಷದ ಹಿಂದಿನ ಮಾತು. ಜೂನ್ ತಿಂಗಳು, ಜಡಿಮಳೆ. ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಅಂಗಳದಲ್ಲಿ ಕಂಟೇನರಿಗೆ ಲೋಡ್ ಮಾಡುತ್ತಿದ್ದರು. 60 ಕೆ.ಜಿ.ಯ 320 ಚೀಲ, ಒಟ್ಟು 19.2 ಟನ್. ಹಮಾಲಿಯ ಹೆಗಲಿಂದ ಒಂದು ಚೀಲ ಜಾರಿ ಕೆಸರು ನೀರಿಗೆ ಬಿತ್ತು. ಬದಲಿ ಚೀಲ ತುಂಬಿ ಹೊಲಿಯಲು ಅರ್ಧ ಗಂಟೆ ಸಾಕಿತ್ತು. ಆದರೆ ಡ್ರೈವರಿಗೆ ಕತ್ತಲಾಗುವ ಮೊದಲು ಶಿರಾಡಿ ಘಾಟಿ ಇಳಿಯುವ ಅವಸರ. "ಒಂದು ಚೀಲ ತಾನೇ, ಬಿಲ್ಲಲ್ಲಿ ಕಮ್ಮಿ ಮಾಡಿದ್ರಾಯ್ತು ಬಿಡಿ ಸಾರ್" ಅಂದರು ಮಾಲೀಕರು. ಕಾಗದ ನೋಡಿಕೊಳ್ಳುತ್ತಿದ್ದ ನಾನೂ ಹೂಂ ಅಂದೆ.

319 ಚೀಲ ಮಂಗಳೂರಿನ ಪಣಂಬೂರು ಬಂದರಿನಿಂದ ಹಡಗು ಹತ್ತಿತು. ಎಲ್‌ಸಿಯಲ್ಲಿ "320 ಚೀಲ" ಅಂತಿತ್ತು, ಭಾಗಶಃ ಸಾಗಣೆ ಕೂಡದು ಅಂತಲೂ ಇತ್ತು. ಎಲ್‌ಸಿ ವಿಷಯದಲ್ಲಿ ಬ್ಯಾಂಕುಗಳು ಪಾಲಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮದಲ್ಲಿ ತೂಕದ ಲೆಕ್ಕಕ್ಕೆ ಶೇ. 5ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಚೀಲದ ಲೆಕ್ಕಕ್ಕೆ ಆ ರಿಯಾಯಿತಿ ಇಲ್ಲ. ಬ್ಯಾಂಕು ನೋಡುವುದು ಕಾಗದವನ್ನು, ಕಾಫಿಯನ್ನಲ್ಲ. ದಾಖಲೆ ತಾಳೆಯಾಗುತ್ತಿಲ್ಲವೆಂದು ಹಣ ತಡೆಯಿತು. ಇನ್ನು ಖರೀದಿದಾರ ಒಪ್ಪಿದರಷ್ಟೇ ದುಡ್ಡು. ಅಷ್ಟರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಇಳಿದಿತ್ತು. ಆತ ನಯವಾಗಿಯೇ ರೇಟು ಇಳಿಸಿ ಅಂದ. ಅಲ್ಲಿ ಬಂದರಿನಲ್ಲಿ ಬಾಡಿಗೆ ಏರುತ್ತಿತ್ತು, ನಾವು ಇಳಿಸಿದೆವು. ಕೆಸರಿಗೆ ಬಿದ್ದ ಚೀಲ ಮಾತ್ರ ಒಣಗಿಸಿದ ಮೇಲೆ ಇಲ್ಲೇ ಮಾರಾಟವಾಯಿತು!

ಈಜಿಪ್ಟಿನದ್ದೇ ಇನ್ನೊಂದು ಕಟ್ಟಳೆ ಇದೆ. 2021ರ ಅಕ್ಟೋಬರ್‌ನಿಂದ ಹಡಗಿನಲ್ಲಿ ಹೋಗುವ ಸರಕಿಗೆ ಎಸಿಐಡಿ ಎಂಬ 19 ಅಂಕಿಯ ನಂಬರ್ ಬೇಕು. ಅದನ್ನು ಅಲ್ಲಿನ ಆಮದುದಾರನೇ ತೆಗೆದು ನಮಗೆ ಕಳಿಸಬೇಕು, ನಾವು ಇನ್‌ವಾಯ್ಸಿನಲ್ಲೂ ಹಡಗಿನ ಕಂಪನಿ ಕೊಡುವ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗಿನಲ್ಲೂ ಹಾಕಿಸಬೇಕು. ಆ ನಂಬರ್ ಕೊಡಲು ಮೀನಮೇಷ ಎಣಿಸುವವನ ಸರಕನ್ನು ನಾನು ಗೋದಾಮಿನಿಂದ ಹೊರಗೆ ತೆಗೆಸುವುದಿಲ್ಲ.

ಸರಕಿನ ಗುಣದ ಬಗ್ಗೆ ನಮ್ಮ ಬೆಳೆಗಾರರಿಗೆ ಹೇಳಿಕೊಡಬೇಕಾದ್ದು ಕಡಿಮೆ. ಕಣದಲ್ಲಿ ಒಂದು ಹಿಡಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಹಾಕಿದ ಕಾಫಿ ಹಣ್ಣು, ತೆಗೆದು ಗಲಗಲ ಸದ್ದು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಆದರೂ ಮೀಟರ್ ಇಟ್ಟು ನೋಡಿ, ತೇವಾಂಶ ಶೇ. 12.5 ದಾಟಿದ ಬೀಜ ಕಂಟೇನರ್ ಹತ್ತಬಾರದು. ಹಗಲು ಕಾದ ತಗಡು ರಾತ್ರಿ ಸಮುದ್ರದ ಮೇಲೆ ತಣ್ಣಗಾದಾಗ ಒಳಗಿನ ತೇವವೆಲ್ಲ ಛಾವಣಿಯಲ್ಲಿ ಹನಿಗಟ್ಟಿ ಚೀಲದ ಮೇಲೇ ಸುರಿಯುತ್ತದೆ. ಒಳಗೋಡೆಗೆ ಕ್ರಾಫ್ಟ್ ಪೇಪರ್, ಮೇಲೆ ತೇವ ಹೀರುವ ಚೀಲ ಕಟ್ಟಿಸುವ ಖರ್ಚಿನಲ್ಲಿ ಜಿಪುಣತನ ಬೇಡ.

ಆ ಹುಡುಗ ತಂದಿದ್ದ ಎಲ್‌ಸಿ ಕರಡಿನಲ್ಲೂ "320 ಚೀಲ" ಅಂತಲೇ ಇತ್ತು. ಅದನ್ನು ಹೊಡೆದುಹಾಕಿ 19.2 ಟನ್ ಅಂತ ಬರೆಸಿ, ಭಾಗಶಃ ಸಾಗಣೆಗೂ ಒಪ್ಪಿಗೆ ಕೇಳಿ ವಾಪಸ್ ಕಳಿಸಿದ್ದೇವೆ. ಕೈರೋದಿಂದ ಇನ್ನೂ ಉತ್ತರ ಬಂದಿಲ್ಲ. ಕಾಫಿ ಸದ್ಯಕ್ಕೆ ಗೋದಾಮಿನಲ್ಲೇ ಇದೆ.